ಹನ್ನೊಂದನೇ ಪುಟ

ಲಿಂಗರಾಜಪುರದ ಮೇಲ್ಸೇತುವೆ ಪಕ್ಕ, ಶಾಖಾ ಗ್ರಂಥಾಲಯ.
ಶನಿವಾರ ಮಧ್ಯಾಹ್ನ. ಫ್ಯಾನಿನ ಮೂರು ರೆಕ್ಕೆಯಲ್ಲಿ ಒಂದು ಸೊಟ್ಟ,
ಸುತ್ತಿಗೊಮ್ಮೆ ಕಟಕ್ ಅನ್ನುತ್ತದೆ.
ನನ್ನ ಚೀಲದಲ್ಲಿ ನಲವತ್ತು ಹಾಳೆ, ಸಂಶೋಧನೆಯ ನಮೂನೆ:
ಹೆಸರು, ವಯಸ್ಸು, ಮನೆಮಾತು, ಓದಿದ ಕಥೆ, ಕಲಿತ ನೀತಿ.
ಮನೆಮಾತಿಗೆ ಬಿಟ್ಟ ಜಾಗ
ಒಂದು ಬೆರಳಗಲ.

ಎಳಿಲರಸಿ ಕೇಳಿದಳು, "ಯಾರ ಮಾತು ಬರೀಲಿ ಮಿಸ್?
ಅಮ್ಮ ಬೈಯೋದು ತಮಿಳಲ್ಲಿ,
ಅಪ್ಪ ದುಡ್ಡು ಎಣಿಸೋದು ತೆಲುಗಲ್ಲಿ,
ಟೀವಿ ಹಿಂದಿ.
ನಾನು ಜಗಳ ಆಡೋದು ಮಾತ್ರ ಕನ್ನಡ."
ಬರಿ ಅಂದೆ. ಬರೆದಳು.
ಗೆರೆ ದಾಟಿ, ವಯಸ್ಸಿನ ಮೇಲೆ ಹತ್ತಿ,
ಅಕ್ಷರ ಹಾಳೆಯ ಬೆನ್ನಿಗೂ ಹೋಯಿತು.

ಕಲಿತ ನೀತಿ?
ತಸ್ಕೀನ್ ಬಹಳ ಹೊತ್ತು ಪೆನ್ನು ಕಚ್ಚಿ ಬರೆದದ್ದು:
ಪುಸ್ತಕ ಒದ್ದೆ ಮಾಡಬಾರದು.

ಹಿಂದಿನ ಮೇಜಿನಲ್ಲಿ ಫಿಲೋಮಿನಾ ಮೇಡಂ
ಹರಿದದ್ದನ್ನೆಲ್ಲ ಗುಡ್ಡೆ ಹಾಕಿ 'ರದ್ದು' ಮೊಹರು ಒತ್ತುತ್ತಿದ್ದರು.
ಒಂದನ್ನು ಎಳೆದುಕೊಂಡೆ. ರಟ್ಟಿಲ್ಲ, ಹೆಸರಿಲ್ಲ,
ಬೆನ್ನಿಗೆ ಯಾರದೋ ಚಪ್ಪಲಿ ಹೊಲಿಯುವ ದಾರ.
ಪುಟ ಹನ್ನೊಂದು: ಹೆಂಚಿನ ಮನೆ, ಬಾವಿ, ಹಸು,
ನೀಲಿ ಸೀರೆಯ ತಾಯಿ, ಉಣ್ಣಲು ಕೂತ ಇಬ್ಬರು ಮಕ್ಕಳು.
ಅಚ್ಚಾದದ್ದು ಇಷ್ಟೇ.

ಹೆಂಚಿನ ಮೇಲೆ ಯಾರೋ ಎರಡು ಮಹಡಿ ಎತ್ತಿದ್ದಾರೆ,
ತುದಿಗೆ ಕರೀ ನೀರಿನ ಟ್ಯಾಂಕು.
ಬಾವಿಗೆ ಮುಚ್ಚಳ ಹಾಕಿ ಸಾಲಾಗಿ ಬಿಂದಿಗೆ ಇಟ್ಟಿದ್ದಾರೆ,
ಎಂಟು. ಒಂದು ಸಾಲು ತಪ್ಪಿಸಿ ಮುಂದೆ ಬಂದಿದೆ.
ತಾಯಿಯ ತಲೆಗೆ ಒಬ್ಬರು ದುಪಟ್ಟಾ ಹೊದಿಸಿದ್ದಾರೆ,
ಇನ್ನೊಬ್ಬರು ದುಪಟ್ಟಾದ ಮೇಲೇ ಮಲ್ಲಿಗೆ ಮುಡಿಸಿದ್ದಾರೆ,
ಕೊರಳಲ್ಲಿ ಜೀರಿಗೆ ಕಾಳಿನಷ್ಟು ಶಿಲುಬೆ,
ಹಣೆಯಲ್ಲಿ ಕೆಂಪು ಬಾಲ್‌ಪೆನ್ನಿನ ಬೊಟ್ಟು.
ಒಂದನ್ನು ಅಳಿಸಿ ಒಂದಲ್ಲ. ಒಂದರ ಮೇಲೊಂದು.
ಅಷ್ಟೆಲ್ಲ ಹೊತ್ತೂ ಅವಳು ಬಡಿಸುತ್ತಲೇ ಇದ್ದಾಳೆ.

ತಟ್ಟೆಯಲ್ಲಿದ್ದದ್ದು ಬರೀ ಅನ್ನ.
ಈಗ ಪಕ್ಕಕ್ಕೆ ಮೊಟ್ಟೆ. ಒಂದು ಮೀನು,
ಮುಳ್ಳು ಎಣಿಸಬಹುದು.
ಜೋಳದ ರೊಟ್ಟಿ ಹುಲಿಗೆಮ್ಮನದು, ತಾನೇ ಒಪ್ಪಿಕೊಂಡಳು:
"ಇಷ್ಟ ಅನ್ನದಾಗ ಹೊಟ್ಟಿ ತುಂಬತದೇನ್ರಿ?"
ಬಾಗಿಲಲ್ಲಿ ಒಬ್ಬ ಗಂಡಸನ್ನು ಯಾರೋ ಬರೆದು ಅಳಿಸಿದ್ದಾರೆ,
ಮತ್ತೆ ಬರೆದು, ಮತ್ತೆ.
ಅಲ್ಲಿ ಕಾಗದ ತೂತು.
ತೂತಿನಲ್ಲಿ ಹದಿಮೂರನೇ ಪುಟದ ಬೆಳಕು.

ನನ್ನ ಗೈಡು ಫೋನಿನಲ್ಲಿ ಹೇಳಿದರು,
"ಹಾಳಾದ ಪ್ರತಿ ಆಕರ ಆಗೋದಿಲ್ಲಮ್ಮ. ಶುದ್ಧ ಪ್ರತಿ ನೋಡಿ."
ನೋಡಿದ್ದೆ. ಜ್ಞಾನಭಾರತಿಯಲ್ಲಿ, ಗಾಜಿನ ಬೀರುವಿನೊಳಗೆ.
ಎರವಲು ಚೀಟಿ ಖಾಲಿ.
ಹಸು ಹಸುವಾಗೇ ಇತ್ತು. ಅನ್ನ ಆರಿತ್ತು.
ಇಬ್ಬರ ಮನೆಗೆ ಇಬ್ಬರೇ.

ನೋಟ್‌ಪುಸ್ತಕದಲ್ಲಿ 'ಲೇಖಕರು' ಎಂದು ಬರೆದು
ಎರಡು ಚುಕ್ಕಿ ಇಟ್ಟು ನಿಂತೆ.
ಫಿಲೋಮಿನಾ ಮೇಡಂ ಮೊಹರು ಎತ್ತಿ ಹಿಡಿದು
ಕೊಡ್ತೀರೋ ಇಲ್ವೋ ಎಂಬಂತೆ ನೋಡಿದರು.
ಮಸಿ ಒಣಗುತ್ತಿತ್ತು.

ಅಷ್ಟರಲ್ಲಿ ಪ್ರಬಿನ್. ಎದುರಿನ ಅಪಾರ್ಟ್‌ಮೆಂಟಿನ ಕೆಳಮನೆ ಹುಡುಗ,
ನೇಪಾಳದಿಂದ ಬಂದು ಮೂರು ತಿಂಗಳು,
ಕನ್ನಡ ಇನ್ನೂ ಹೊಸ ಬೂಟು.
ಪುಟದ ಮೇಲೆ ಮೂಗಿಟ್ಟು ಕೇಳಿದ,
"ಇಷ್ಟು ದೊಡ್ಡ ಮನೆ. ಗೇಟಿಗೆ ಯಾರೂ ಇಲ್ಲ?"
ನನ್ನ ಕೈಯ ಪೆನ್ಸಿಲ್ಲು ತಾನೇ ತೆಗೆದುಕೊಂಡ.

ಬಲಗಡೆಯ ಅಂಚಲ್ಲಿ ಒಂದು ಗೇಟು.
ಗೇಟಿನೆದುರು ಕುರ್ಚಿ, ಪ್ಲಾಸ್ಟಿಕ್ಕಿನದು,
ಒಂದು ಕಾಲಿಗೆ ಇಟ್ಟಿಗೆ ಆನಿಸಿದ್ದು.
ಕುರ್ಚಿಯಲ್ಲಿ ಯಾರೂ ಇರಲಿಲ್ಲ.
"ಇವರೆಲ್ಲಿ?" ಅಂದೆ.

"ಪಪ್ಪಾ ರೌಂಡಿಗೆ ಹೋಗಿದಾರೆ," ಅಂದ,
ಪೆನ್ಸಿಲ್ಲು ವಾಪಸ್ಸು ಕೊಡುತ್ತ,
"ಬರ್ತಾರೆ."